ಕೆಂಪು ರಬ್ಬರ್ ಬ್ಯಾಂಡ್ ಇಲ್ಲದ ಬೋರ್ಡು

ಪ್ರೀತಿಯ ಮಹಂತೇಶ್,

ಮೊದಲು ಆ ಬೋರ್ಡಿನಿಂದ ಕೈ ತೆಗೆ. ತೆಗೆದೆಯಾ? ಈಗ ಓದು.

ಬೆಳಿಗ್ಗೆ ಲಕ್ಷ್ಮೀ ನಗರದ ನಮ್ಮ ಅಂಗಡಿಯಲ್ಲಿ ನೀನು ಕೋಚಿಂಗ್ ಸೆಂಟರಿನ ಪ್ರಿಂಟರ್ ಬಿಚ್ಚಿ, ಅದರ ಪವರ್ ಬೋರ್ಡಿಗೆ ಕರೆಂಟ್ ಕೊಟ್ಟು ಪರೀಕ್ಷಿಸುತ್ತಿದ್ದೆ. ಅಷ್ಟರಲ್ಲಿ ಫರೀದಾಬಾದಿನ ಫ್ಯಾಕ್ಟರಿಯಿಂದ ಫೋನ್. ಅಲ್ಲೂ ಅದೇ ಮಾಡೆಲ್ ಕೆಟ್ಟಿದೆಯಂತೆ. "ಎರಡು ಬೋರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಫಾಲ್ಟ್ ಸಿಗತ್ತೆ ಸಿಂಧೂ" ಎಂದು ನೀನು ಪ್ಲಗ್ ಕಿತ್ತು, ಬೋರ್ಡಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಸ್ನಾನಕ್ಕೆ ಓಡಿದೆ.

ಕೆಂಪು ಬ್ಯಾಂಡ್ ಇದ್ದರೆ ಒಳಗಿನ ಕರೆಂಟ್ ಇನ್ನೂ ಇಳಿಸಿಲ್ಲ ಎಂದು ಅರ್ಥ. ಮದುವೆಯಾದ ಮೂರನೇ ದಿನವೇ ನೀನು ನನಗೆ ಕಲಿಸಿದ್ದೆ. ಬಲ್ಬಿನ ಎರಡು ವೈರುಗಳನ್ನು, ಕರೆಂಟ್ ಕೂಡಿಟ್ಟುಕೊಳ್ಳುವ ಆ ದಪ್ಪ ಕೆಪಾಸಿಟರಿನ ಕಾಲುಗಳಿಗೆ ನೀನು ಮುಟ್ಟಿಸಿದಾಗ, ಒಳಗಿನ ಕರೆಂಟೆಲ್ಲ ಇಳಿದು ಬಲ್ಬ್ ಫಕ್ಕನೆ ಹೊತ್ತಿ ಆರಿತು. ನಾನು ಚಪ್ಪಾಳೆ ತಟ್ಟಿ "ಒನ್ಸ್ ಮೋರ್!" ಎಂದೆ. "ಇದು ದೀಪಾವಳಿ ಅಲ್ಲ ಮಾರಾಯ್ತಿ. ಓಡೋ ಪ್ರಿಂಟರ್ ಕರೆಂಟ್ ತಿಂದು ಮುಗಿಸತ್ತೆ. ಸತ್ತಿರೋದು ಒಳಗೇ ಬಚ್ಚಿಟ್ಕೊಂಡಿರತ್ತೆ" ಎಂದೆ ನೀನು. ಎಷ್ಟು ಚೆನ್ನಾಗಿ ಹೇಳುತ್ತಾನಪ್ಪ ನನ್ನ ಗಂಡ ಎಂದು ನಿನ್ನ ಮುಖವನ್ನೇ ನೋಡುತ್ತಿದ್ದೆ. ಮಾತು ತಲೆಗೆ ಇಳಿದಿರಲಿಲ್ಲ.

ಇವತ್ತು ನಿನ್ನ ಬ್ಯಾಗನ್ನು ಪ್ರೀತಿಯಿಂದ ನಾನೇ ತುಂಬಿದೆ. ಬೋರ್ಡನ್ನು ಪೇಪರಿನಲ್ಲಿ ಸುತ್ತಿದೆ. ಚಟ್ನಿಪುಡಿ ಚೆಲ್ಲಬಾರದೆಂದು ಅದರ ಪೊಟ್ಟಣಕ್ಕೆ ಆ ಕೆಂಪು ಬ್ಯಾಂಡನ್ನೇ ಹಾಕಿದೆ! ಶೂ ಹಾಕುತ್ತಾ ನೀನು "ಬೋರ್ಡಿಗೆ ಬಲ್ಬ್ ಮುಟ್ಟಿಸಿದ್ಯಾ?" ಎಂದು ಕೇಳಿದೆ. "ಅಚ್ಛಾ ಬಾಬಾ, ಎಲ್ಲಾ ಆಯ್ತು, ಚಲೋ ಚಲೋ" ಎಂದು ನಿನ್ನನ್ನು ನೂಕಿದೆ. ನೀನು ನಂಬಿದೆ.

ಟೇಬಲ್ ಒರೆಸುವಾಗ ನೋಡಿದರೆ ಬಲ್ಬಿನ ವೈರು ನಿನ್ನೆ ಸುತ್ತಿಟ್ಟ ಹಾಗೇ ಇತ್ತು. ಬೋರ್ಡಿನ ಕರೆಂಟನ್ನು ನಾನು ಇಳಿಸಿಯೇ ಇರಲಿಲ್ಲ. ಹದಿನಾಲ್ಕು ಸಲ ಫೋನ್ ಮಾಡಿದೆ. ಆ ಫ್ಯಾಕ್ಟರಿಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆಂದು ಆಮೇಲೆ ನೆನಪಾಯಿತು.

ಈಗ ಮೆಟ್ರೋದಲ್ಲಿದ್ದೇನೆ. ಮಂಡಿ ಹೌಸಿನಲ್ಲಿ ರೈಲು ಬದಲಿಸಿದೆ. ಪಕ್ಕದ ಆಂಟಿ "ಬೇಟಾ, ತಬಿಯತ್ ಠೀಕ್ ಹೈ?" ಎಂದು ಹುಷಾರು ವಿಚಾರಿಸಿ ನೀರು ಕೊಟ್ಟರು. ನಿನ್ನ ಹಾಗೇ ರಿಪೇರಿ ಕೆಲಸ ಮಾಡುತ್ತಿದ್ದ ತಿಪ್ಪೇಸ್ವಾಮಿ ಅಂಕಲ್ ನಮ್ಮ ಮದುವೆಯಲ್ಲಿ ಮರಗಟ್ಟಿದ ಎರಡು ಬೆರಳು ತೋರಿಸಿ, "ಕರೆಂಟ್ ಇಳಿಸೋದು ಒಂದೇ ಸಲ ಮರೆತಿದ್ದು ಕಣಮ್ಮ. ಅವತ್ತಿಂದ ಶರ್ಟಿನ ಗುಂಡಿ ಹಾಕೋಕೂ ಹೆಂಡ್ತಿನೇ ಬೇಕು" ಎಂದಿದ್ದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಊಟವಾದ ಮೇಲೆ ಆ ಬೋರ್ಡು ತೆಗೆಯುತ್ತೇನೆ ಎಂದಿದ್ದೆ ನೀನು. ಪೊಟ್ಟಣದ ಬ್ಯಾಂಡ್ ಕಂಡು ನಿನಗೇ ಹೊಳೆಯಬಹುದು. ಹೊಳೆಯದೆಯೂ ಇರಬಹುದು, ನಾನು ಎಲ್ಲದಕ್ಕೂ ರಬ್ಬರ್ ಬ್ಯಾಂಡ್ ಹಾಕುವವಳಲ್ಲವೇ? ಈಗ ಒಂದು ಗಂಟೆ ದಾಟಿದೆ. ಇನ್ನೂ ಆರು ಸ್ಟೇಷನ್.

ನನ್ನನ್ನು ಒಳಗೆ ಬಿಡದಿದ್ದರೆ ಗೇಟಿನ ಭಯ್ಯಾನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಇದನ್ನು ಎರಡೂ ಕೈಯಲ್ಲಿ ಹಿಡಿದುಕೊ. ಹಿಡಿದುಕೊಂಡೇ ಗೇಟಿಗೆ ನಡೆದು ಬಾ. ನಾನು ನಿನ್ನನ್ನು ನೋಡುವವರೆಗೆ ಕೆಳಗಿಡಬೇಡ.

ನೂರು ವರ್ಷ ನನ್ನನ್ನು ಬೈಯುತ್ತಾ ಬಾಳು.

ನಿನ್ನ
ಸಿಂಧೂರ