ನಮ್ಮ ಬೀದಿಗೆ ಆ ಅಂಗಡಿ ಬೇಡ

ಒಹಾಕಾ, ಮಂಗಳವಾರ

ಮೇಯರ್ ದೋನ್ ಅನ್ಸೆಲ್ಮೋ ಅವರಿಗೆ ರೊಟ್ಟಿ ಅಂಗಡಿಯ ರೆಮಿಹಿಯಾ ಮಾಡುವ ನಮಸ್ಕಾರ.

ನಮ್ಮ ಬೀದಿಗೆ ದೊಡ್ಡ ಕಂಪನಿಗಳ ಅಂಗಡಿ ಬರಬಾರದೆಂಬ ನಿಯಮವನ್ನು ಗುರುವಾರದ ಸಭೆಯಲ್ಲಿ ತೆಗೆದುಹಾಕಿ, ಅಂಥ ಒಂದು ಕಂಪನಿಗೆ ಇಲ್ಲಿ ಜಾಗ ಕೊಡುತ್ತೀರಂತೆ. ಕೇಳಿದರೆ "ಊರು ಮುಂದುವರಿಯೋದು ಬೇಡ್ವೇನಮ್ಮಾ?" ಅಂದಿರಿ. ಭೂಕಂಪದ ದಿನ ಜನ ಕುಡಿಯುವ ನೀರಿಗೆ ಅಂಗಲಾಚಿದಾಗ, ಚೌಕದಲ್ಲಿರುವ ಅದೇ ಕಂಪನಿಯ ಅಂಗಡಿಯ ಮ್ಯಾನೇಜರ್ ಏನಂದ? "ರಾಜಧಾನಿಯಿಂದ ಅಪ್ಪಣೆ ಬರದೆ ಬಾಗಿಲು ತೆಗೆಯೋಕಾಗಲ್ಲ, ಹೋಗ್ರೀ!" ನಮ್ಮ ದಿನಸಿ ಅಂಗಡಿಯ ಫಿದೆನ್ಸಿಯಾ ಬಿರುಕುಬಿಟ್ಟ ಗೋಡೆಯ ಕೆಳಗೇ ನಿಂತು, ಇದ್ದ ನೀರನ್ನೆಲ್ಲ ಹಂಚಿದಳು. ಈಗ ಅವಳ ಪಕ್ಕದ ಮಳಿಗೆಯನ್ನೇ ಅವರಿಗೆ ಕೊಡುತ್ತೀರಾ? ನಾಚಿಕೆಯಾಗುವುದಿಲ್ಲವೇ?

ಗುರುವಾರ ಬೀದಿಯವರೆಲ್ಲ ಅಂಗಡಿ ಮುಚ್ಚಿ ಸಭೆಗೆ ಬರುತ್ತೇವೆ. ಮುಂದಿನ ಸಾಲಿನಲ್ಲಿ ಒಂದು ಮೆತ್ತನೆಯ ಕುರ್ಚಿ ಹಾಕಿಸಿಡಿ. ನಿಮ್ಮ ತಾಯಿಯವರೂ ನಮ್ಮ ಜೊತೆ ಬರುತ್ತಿದ್ದಾರೆ. ನಮ್ಮ ಪರವಾಗಿ ಮಾತಾಡುವವರೂ ಅವರೇ.

ಇಂತಿ,
ರೆಮಿಹಿಯಾ