ಭಾನುವಾರ ತಣ್ಣಗಾಗುವ ಸಮುದ್ರ

ಕಚೇರಿ, ಮೂರನೇ ಮಹಡಿ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನಿಲ್ಲಿ ಕ್ಷೇಮ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ನಿನ್ನ ಕ್ಷೇಮ ಕೇಳೋಣವೆಂದರೆ, ನೀನು ಕೇಳಿದ್ದಕ್ಕೆಲ್ಲ ಅಡ್ಡ ಉತ್ತರ ಕೊಡಲು ಶುರುಮಾಡಿ ಹದಿನೈದು ದಿನವಾಯಿತು. ಫೋನನ್ನಾದರೆ ಒಲೆಯ ಮೇಲೆ ಹಾಲು ಉಕ್ಕಿತೆಂದು ಇಟ್ಟುಬಿಡಬಹುದು. ಕಾಗದವನ್ನು ಹಾಗೆ ಇಡಲಾಗದು. ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದು.

ಕಡಲನ್ನು ಕಾಪಾಡುವ ಈ ಸಂಸ್ಥೆಯಲ್ಲಿ ಸಮುದ್ರ ಮತ್ತು ಹವಾಮಾನದ ವಿಭಾಗಕ್ಕೆ ನಾನು ಮುಖ್ಯಸ್ಥೆಯಾಗಿ ಒಂದು ವರ್ಷವಾಗುತ್ತ ಬಂತು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಈ ಕುರ್ಚಿ ಬೇರೆ ಯಾರಿಗೂ ಸಿಕ್ಕಿರಲಿಲ್ಲವೆಂದು ನಿನಗೆ ಮೂರು ಸಲ ಹೇಳಿದ್ದೇನೆ, ಇದು ನಾಲ್ಕನೆಯದು. ಬರುವ ಶುಕ್ರವಾರ ನಮ್ಮ ಕೊಲ್ಲಿಯ ವರದಿಯನ್ನು ನಾನು ಸರ್ಕಾರದ ಸಮಿತಿಯ ಮುಂದಿಡಬೇಕು. ಮೂವತ್ತು ವರ್ಷಗಳಲ್ಲಿ ಕೊಲ್ಲಿಯ ನೀರು ಬಿಸಿಯಾಗಿದೆ, ಹವಳದ ದಿಬ್ಬ ಬೆಳ್ಳಗಾಗುತ್ತಿದೆ, ಬೇಸಿಗೆಯ ಎರಡು ತಿಂಗಳಾದರೂ ಅದರ ಮೇಲೆ ದೊಡ್ಡ ದೋಣಿಗಳ ಓಡಾಟ ನಿಲ್ಲಬೇಕು ಎಂಬುದು ನಮ್ಮ ವಾದ. ಆ ವಾದಕ್ಕಿರುವುದು ಒಂದೇ ಕಾಲು: ಬಂದರು ಕಚೇರಿಯ ಅಳತೆಗಾರ್ತಿಯಾಗಿ ನೀನು ಪ್ರತಿದಿನ ಬೆಳಿಗ್ಗೆ ಏಳಕ್ಕೆ ದೋಣಿ ಕಟ್ಟುವ ದಕ್ಕೆಯ ತುದಿಯಿಂದ ಬಕೆಟ್ ಇಳಿಸಿ, ನೀರಿನ ಉಷ್ಣತೆಯನ್ನೂ ಅಳತೆಕೋಲಿನ ಮೇಲೆ ನೀರು ನಿಂತ ಎತ್ತರವನ್ನೂ ಬರೆದಿಟ್ಟ ಪುಸ್ತಕಗಳು. ವರದಿಯ ಮುಖಪುಟದಲ್ಲಿ ನಿನ್ನ ಹೆಸರಿರಬೇಕೆಂದು ಹಟ ಹಿಡಿದವಳೂ ನಾನೇ.

ನಮ್ಮ ಸಂಖ್ಯಾಶಾಸ್ತ್ರಜ್ಞನನ್ನು ಇಲ್ಲಿ ಎಲ್ಲರೂ ದಶಮಾಂಶ ಎನ್ನುತ್ತಾರೆ. ಚಹಾಕ್ಕೆ ಸಕ್ಕರೆಯನ್ನೂ ಕಾಲು ಚಮಚದ ಲೆಕ್ಕದಲ್ಲಿ ಕೇಳುವ ಮನುಷ್ಯ. ಕಳೆದ ತಿಂಗಳು ಆತ ನನ್ನ ಮೇಜಿನ ಮುಂದೆ ನಿಂತು, ಮೇಡಂ, ನಿಮ್ಮ ಸಮುದ್ರ ಭಾನುವಾರ ರಜಾ ಹಾಕತ್ತೆ, ಗೊತ್ತಾ ಎಂದ. ಮೂವತ್ತರಲ್ಲಿ ಹನ್ನೊಂದು ವರ್ಷ, ಭಾನುವಾರದ ನೀರು ಉಳಿದ ದಿನಗಳ ನೀರಿಗಿಂತ ಹೆಚ್ಚು ಕಡಿಮೆ ಅರ್ಧ ಡಿಗ್ರಿ ತಣ್ಣಗಿದೆಯಂತೆ. ಸಮುದ್ರಕ್ಕೆ ವಾರ ಗೊತ್ತಿಲ್ಲ ಅಮ್ಮ. ವಾರ ಗೊತ್ತಿರುವವರು ಯಾರೋ ಪುಸ್ತಕದೊಳಗೆ ಕೈಯಾಡಿಸಿದ್ದಾರೆ ಎಂದೇ ಇದರರ್ಥ.

ನಾನು ಮೊದಲು ಅನುಮಾನಿಸಿದ್ದು ದಶಮಾಂಶನನ್ನೇ. ಈ ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು. ಪುಸ್ತಕಗಳನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹಾಳೆಗಳನ್ನು ಎಣಿಸಿದೆ, ಶಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದೆ, ಕಂಪ್ಯೂಟರಿನಲ್ಲಿದ್ದ ಅಂಕಿಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಎಲ್ಲವೂ ನಿನ್ನ ಕೈಬರಹ. ಒಂದು ತಿದ್ದುಪಡಿಯೂ ಇಲ್ಲ. ಅಷ್ಟರಲ್ಲಿ ಆತ, ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಮೇಡಂ ಹೆಗಲು ಮುಟ್ಕೋತೀರಿ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ನೀರಿನ ಎತ್ತರದ ಕಡೆಗೆ ಗಮನ ಹೋಯಿತು. ಉಬ್ಬರವಿಳಿತವನ್ನು ಆಳುವ ಚಂದ್ರ ಸೂರ್ಯರ ಲೆಕ್ಕ ಗೊತ್ತಿದ್ದವರಿಗೆ, ಕಳೆದುಹೋದ ಯಾವ ದಿನ ಎಷ್ಟು ಗಂಟೆಗೆ ದಕ್ಕೆಯಲ್ಲಿ ನೀರು ಎಷ್ಟಿತ್ತೆಂದು ಹೇಳುವುದು ಕಷ್ಟವಲ್ಲ. ಅಂದರೆ ಅಳತೆಕೋಲೂ ಒಂದು ಗಡಿಯಾರ. ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದಕ್ಕೂ ನೀನು ಪಕ್ಕದಲ್ಲಿ ಪುಟ್ಟ ಬಾಣ ಹಾಕಿರುತ್ತೀಯಲ್ಲ, ಅದರಿಂದ ಕೆಲಸ ಇನ್ನೂ ಸುಲಭವಾಯಿತು. ಪುಸ್ತಕದ ಪ್ರತಿ ಸಾಲಿನಲ್ಲೂ ಗಂಟೆ ಏಳು ಎಂದಿದೆ. ಆದರೆ ಆ ಹನ್ನೊಂದು ವರ್ಷ, ಭಾನುವಾರಗಳನ್ನು ಬಿಟ್ಟರೆ, ಹೆಚ್ಚಿನ ದಿನ ನೀರು ಹೇಳುವುದು ಎಂಟು ಇಪ್ಪತ್ತೈದು. ಹತ್ತು ನಿಮಿಷ ಅತ್ತಿತ್ತ. ಬಿಸಿಲೇರಿದ ಮೇಲೆ ತೆಗೆದ ನೀರು ಬಿಸಿಯಾಗಿರದೆ ಇನ್ನೇನಾಗುತ್ತದೆ? ನೀನು ನೀರಿನ ವಿಷಯದಲ್ಲಿ ಒಂದು ಗೆರೆಯಷ್ಟೂ ಸುಳ್ಳು ಬರೆದಿಲ್ಲ. ಗಂಟೆಯನ್ನು ಮಾತ್ರ ಹನ್ನೊಂದು ವರ್ಷ ಸುಳ್ಳು ಬರೆದೆ.

ಹದಿನೈದು ದಿನದ ಹಿಂದೆ ನಾನು ಫೋನು ಮಾಡಿದ್ದು ಇದಕ್ಕೇ. ನೀನು, ಏಳು ಅಂದ್ರೆ ಏಳು, ಪುಸ್ತಕದಲ್ಲಿ ಏನಿದೆಯೋ ಅದೇ, ಜಂಬಮ್ಮಾ ನಿನ್ನ ಊಟ ಆಯ್ತಾ ಎಂದೆ. ನಾನು ಬಿಡದೆ ಕೇಳಿದಾಗ, ಒಂದು ಗಂಟೆ ಆಚೀಚೆ ಆದ್ರೆ ಸಮುದ್ರ ಎಲ್ಲಿಗೆ ಓಡಿ ಹೋಗತ್ತೆ ಎಂದು ರೇಗಿದೆ. ಹಾಲು ಉಕ್ಕಿದ್ದು ಆಗಲೇ. ಮಧ್ಯಾಹ್ನ ಎರಡೂವರೆಗೆ, ಹಾಲು ಕುಡಿಯುವುದನ್ನೇ ಬಿಟ್ಟವಳ ಮನೆಯಲ್ಲಿ.

ಅಂದಿನಿಂದ ನನ್ನ ಮನಸ್ಸು ಯಾವ ಯಾವ ಗಲ್ಲಿ ಸುತ್ತಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸೋಮಾರಿತನದಿಂದ ಮಲಗಿರುತ್ತಿದ್ದೆಯೇ ಎಂದುಕೊಂಡೆ. ಇಲ್ಲ, ಏಳಕ್ಕೆ ನಾನು ಮನೆ ಬಿಡುವಾಗ ನೀನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಹಾಗಾದರೆ ನಾನು ಹೋಗುವುದನ್ನೇ ಕಾದು ಎಲ್ಲಿಗೆ ಹೋಗುತ್ತಿದ್ದೆ? ನನಗೆ ತಿಳಿಯದ ಇನ್ನೊಂದು ಮನೆಯ ಕೆಲಸವೇ? ನನಗೆ ತಿಳಿಯಬಾರದ ಮನುಷ್ಯರೇ? ತಡವಾದ ದಿನಗಳನ್ನೆಲ್ಲ ಪಟ್ಟಿ ಮಾಡಿ ಹಳೆಯ ಶಾಲಾ ಡೈರಿಗಳ ಪಕ್ಕದಲ್ಲಿಟ್ಟೆ. ಬೇಸಿಗೆ ರಜೆಯಲ್ಲಿ ನೀನು ಸರಿಯಾಗಿ ಏಳಕ್ಕೆ ದಕ್ಕೆಯಲ್ಲಿದ್ದೆ. ಮೇಷ್ಟರುಗಳ ಮುಷ್ಕರದ ವಾರ, ನನಗೆ ದಡಾರವಾಗಿದ್ದ ಹನ್ನೆರಡು ದಿನ, ಆಗಲೂ ಏಳಕ್ಕೆ. ನಾನು ಶಾಲೆಗೆ ಹೊರಟ ದಿನ ಮಾತ್ರ ತಡ. ತಡ ಶುರುವಾದದ್ದು ನಾನು ದೊಡ್ಡ ಶಾಲೆಗೆ ಸೇರಿದ ದಿನ. ನಿಂತದ್ದು ನಾನು ಕಾಲೇಜಿಗೆಂದು ಊರು ಬಿಟ್ಟ ವಾರ. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಕಳೆದ ಶನಿವಾರ ನಾನು ಊರಿಗೆ ಬಂದಿದ್ದೆ. ಅಳತೆಕೋಲು ಪರೀಕ್ಷಿಸಬೇಕೆಂದು ಕಚೇರಿಯಲ್ಲಿ ಹೇಳಿ, ನಿನಗೆ ಹೇಳದೆ. ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯ ತಿರುವಿನಿಂದ ಗಡಿಯಾರ ಹಿಡಿದು ಶಾಲೆಯ ಗೇಟಿನವರೆಗೆ ನಡೆದೆ. ಉಪ್ಪಿನ ಗೋದಾಮುಗಳು, ನಾಯಿಗಳಿರುತ್ತಿದ್ದ ಕಟ್ಟಿಗೆ ಡಿಪೋ, ಹಳಿ ದಾಟುವ ಕಡೆಯ ಮುರಿದ ಕಂಬಿ ಎಲ್ಲ ಹಾಗೇ ಇವೆ. ಗೇಟಿನೆದುರು ಪೆನ್ಸಿಲ್ ಮಾರುವ ಅಂಗಡಿಯ ಅಜ್ಜ ನನ್ನನ್ನು ಗುರುತು ಹಿಡಿದರು. ಫಸ್ಟ್ ಬರೋ ಹುಡುಗಿ ಅಲ್ವಾ ನೀನು ಎಂದರು. ನಾನು ಹೆಮ್ಮೆಯಿಂದ ಹೌದೆಂದೆ. ಅವರು ನನ್ನ ಬೆನ್ನ ಹಿಂದೆ ಇಣುಕಿ, ಎಲ್ಲಿ, ಅಮ್ಮ ಬರ್ಲಿಲ್ವಾ, ದಿನಾ ನೀನು ಒಳಗೆ ಹೋಗೋತನಕ ಈ ಲೈಟು ಕಂಬದ ಹಿಂದೆ ನಿಂತಿರೋರು, ಕಾಣಿಸ್ಕೊಂಡ್ರೆ ಮಗಳು ಬೈತಾಳೆ ಅನ್ನೋರು ಎಂದರು.

ಅಲ್ಲಿಂದ ದಕ್ಕೆಯ ತುದಿಗೆ ನಡೆದು ಬಂದು ಗಡಿಯಾರ ನೋಡಿದೆ. ಎಂಟು ಇಪ್ಪತ್ಮೂರು.

ಮೊದಲ ವಾರ ನೀನು ಕೈಹಿಡಿದು ಕರೆದೊಯ್ದಿದ್ದೆ. ಎರಡನೆಯ ವಾರ ನಾನು, ನನಗೆ ದಾರಿ ಗೊತ್ತು, ನೀನು ಬರಬೇಡ ಎಂದೆ. ನಾನು ದೊಡ್ಡವಳಾದೆ ಎಂಬ ಕಾರಣ ಕೊಟ್ಟೆ. ನಿಜವಾದ ಕಾರಣ ನಿನ್ನ ಸೀರೆಯಿಂದ ಬರುತ್ತಿದ್ದ ಮೀನು ಮತ್ತು ಟಾರಿನ ವಾಸನೆ; ನನ್ನ ಬೆಂಚಿನವಳು ಮೂಗು ಮುಚ್ಚಿಕೊಂಡಿದ್ದಳು. ನೀನು, ಆಯ್ತು ತಾಯಿ ಎಂದಷ್ಟೇ ಹೇಳಿದ್ದೆ. ಆ ಎರಡನೆಯ ವಾರದಲ್ಲೂ ನೀರು ಎಂಟು ಇಪ್ಪತ್ತೈದನ್ನೇ ಹೇಳುತ್ತದೆ. ನನಗೆ ಈ ಕುರ್ಚಿ ಸಿಕ್ಕ ದಿನದ ಸಭೆಯಲ್ಲಿ, ಏಳನೆಯ ವಯಸ್ಸಿನಿಂದ ಒಬ್ಬಳೇ ನಡೆದು ಶಾಲೆಗೆ ಹೋದವಳು ನಾನು ಎಂದು ಭಾಷಣ ಬಿಗಿದೆ. ನೀನು ಮೊದಲ ಸಾಲಿನಲ್ಲಿ ಕುಳಿತು ಕೈಚೀಲದ ಜಿಪ್ಪನ್ನು ಎಳೆಯುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ನೀನೇ.

ಇನ್ನು ಕೆಲಸದ ಮಾತು. ಹನ್ನೊಂದು ವರ್ಷಗಳ ಪುಸ್ತಕಗಳನ್ನು ಕೈಬಿಟ್ಟರೆ ವರದಿ ಬಿದ್ದುಹೋಗುತ್ತದೆ. ಹಾಗೆಯೇ ಇಟ್ಟುಕೊಂಡರೆ ದೋಣಿ ಮಾಲೀಕರ ವಕೀಲರು ಭಾನುವಾರದ ರಜೆಯನ್ನು ಐದೇ ನಿಮಿಷದಲ್ಲಿ ಕಂಡುಹಿಡಿದು, ಸಮಿತಿಯ ಮುಂದೆ ನಿನ್ನನ್ನು ಸುಳ್ಳುಗಾತಿ ಎನ್ನುತ್ತಾರೆ. ಆದ್ದರಿಂದ ನಾನೇ ಹೇಳುತ್ತೇನೆ. ಈಗ ದಕ್ಕೆಯಲ್ಲಿರುವ ಯಂತ್ರ, ಏಳರಿಂದ ಎಂಟೂವರೆಯೊಳಗೆ ನೀರು ಎಷ್ಟು ಕಾಯುತ್ತದೆಂದು ತೋರಿಸುತ್ತದೆ. ಅಷ್ಟನ್ನು ಕಳೆದು ಇಡೀ ಲೆಕ್ಕವನ್ನು ಮತ್ತೆ ಮಾಡಿದ್ದೇವೆ. ಕೊಲ್ಲಿ ಬಿಸಿಯಾಗಿರುವುದು ನಿಜ. ನಾವಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಯಾವ ವಕೀಲರೂ ಅಲುಗಿಸಲಾರದಷ್ಟು ಗಟ್ಟಿ. ನೀನು ನೀರಿನ ಎತ್ತರವನ್ನು ಅಷ್ಟು ಪ್ರಾಮಾಣಿಕವಾಗಿ ಬರೆದಿರದಿದ್ದರೆ ಇದು ಆಗುತ್ತಿರಲಿಲ್ಲ.

ತಿದ್ದುಪಡಿಯ ಹಾಳೆಯಲ್ಲಿ ಕಾರಣ ಎಂಬ ಕಾಲಂ ಇದೆ. ಖಾಲಿ ಬಿಟ್ರೆ ಸಮಿತಿಯೋರು ಬಿಡಲ್ಲ ಮೇಡಂ ಎಂದು ದಶಮಾಂಶ ಎಚ್ಚರಿಸಿದ. ನಾನು ಹೀಗೆ ಬರೆದಿದ್ದೇನೆ: ‘ಶಾಲಾ ದಿನಗಳಂದು ಅಳತೆಗಾರ್ತಿಯು ಮೊದಲು ಮತ್ತೊಂದು ಕರ್ತವ್ಯವನ್ನು ಮುಗಿಸಿ ಬರುತ್ತಿದ್ದರು.’ ಆತ ಓದಿ ಹಾಳೆಯನ್ನು ಫೈಲಿಗೆ ಸೇರಿಸಿದ. ನಿನ್ನ ಒಪ್ಪಿಗೆಯಿಲ್ಲದೆ ಅದನ್ನು ಕಳುಹಿಸುವುದಿಲ್ಲ. ಈ ಕಾಗದ ಕೊರಿಯರಿನಲ್ಲಿ ನಾಳೆಯೇ ನಿನ್ನ ಕೈಸೇರುತ್ತದೆ, ಗುರುವಾರ ಸಂಜೆಯೊಳಗೆ ಫೋನು ಮಾಡು. ಹಾಲಿನ ನೆಪ ಬೇಡ.

ಇಂತಿ,
ನಿನ್ನ ಜಂಬಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಾನು ಏಳನೆಯ ತರಗತಿಯಲ್ಲಿದ್ದ ವರ್ಷದ ಒಂದು ಬುಧವಾರದ ಉಷ್ಣತೆ ಅಕ್ಕಪಕ್ಕದ ದಿನಗಳಿಗಿಂತ ಎರಡು ಡಿಗ್ರಿ ಹೆಚ್ಚಿದೆ. ಅದು ನಿನ್ನ ಕೈತಪ್ಪೆಂದು ದಶಮಾಂಶನಿಗೆ ಹೇಳಿ ನಾನೇ ತೆಗೆಸಿದ್ದೆ. ತಾರೀಖು ನೋಡಿದ ಕೂಡಲೇ ಅದು ಯಾವ ದಿನವೆಂದು ನನಗೆ ಗೊತ್ತಾಗಿತ್ತು. ಹಿಂದಿನ ಸಂಜೆ ಅಂಕಪಟ್ಟಿ ಹಾಕಿದ್ದರು. ಯಾವತ್ತೂ ಮೊದಲನೆಯವಳೆಂದು ಇವತ್ತಿಗೂ ಹೇಳಿಕೊಳ್ಳುವ ನಾನು ಆ ಸಲ ಎರಡನೆಯವಳಾಗಿದ್ದೆ. ಆ ದಿನ ಶಾಲೆಗೆ ಹೋಗಲಿಲ್ಲ. ಉಪ್ಪಿನ ಗೋದಾಮಿನ ಹಿಂದೆ ಮಗುಚಿ ಹಾಕಿದ್ದ ಹಳೆಯ ದೋಣಿಯ ಕೆಳಗೆ ಬೆಳಿಗ್ಗೆಯಿಂದ ಕುಳಿತಿದ್ದು, ನಾಲ್ಕಕ್ಕೆ ಎದ್ದು, ಶಾಲೆಯಿಂದ ಬಂದವಳಂತೆ ಮನೆಗೆ ಬಂದೆ. ನೀನು ಮನೆಯಲ್ಲಿರಲಿಲ್ಲ, ಆಮೇಲೆ ಒದ್ದೆ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಬಂದು, ಇವತ್ತು ಏನು ಪಾಠ ಆಯ್ತು ಎಂದು ಕೇಳಿದೆ. ನಾನು ಭೂಗೋಳ ಎಂದೆ. ಪುಸ್ತಕದಲ್ಲಿ ಅಂದೂ ಗಂಟೆ ಏಳು ಎಂದೇ ಇದೆ. ನೀರಿನ ಪ್ರಕಾರ ನೀನು ಬಕೆಟ್ ಇಳಿಸಿದ್ದು ಸಂಜೆ ನಾಲ್ಕೂಕಾಲಿಗೆ, ನಾನು ದೋಣಿಯ ಕೆಳಗಿನಿಂದ ಎದ್ದು ಹೋದ ಮೇಲೆ. ಆ ಅಂಕಿಯನ್ನು ಇಂದು ಬೆಳಿಗ್ಗೆ ಮತ್ತೆ ಸೇರಿಸಿದೆ.