ಬೇಕಿಲ್ಲ, ಬಾರದು

ನಮ್ಮ ಮನೆ,
ಮೇ ೧೪, ಮಧ್ಯಾಹ್ನದ ಊಟದ ಬಿಡುವು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಕ್ಕನ ಮನೆಯಲ್ಲಿ ಅಪ್ಪನಿಗೆ ನಿದ್ದೆ ಬರುತ್ತಿದೆಯೇ? ಬೆನ್ನಿನ ಹುಣ್ಣು ಒಣಗಿತೇ? ನಿನ್ನ ಮಂಡಿಯ ಬಗ್ಗೆ ಕೇಳುವುದಿಲ್ಲ. ಕೇಳಿದರೆ ‘ನನಗೇನು ಧಾಡಿ’ ಅಂತೀಯ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಏನು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಮ್ಮ ಆಫೀಸಿನ ಕಥೆ ನಿನಗೆ ಗೊತ್ತೇ ಇದೆ. ಸುಡುಬೇಸಿಗೆಯಲ್ಲೂ ಗಂಡಸರಿಗೆ ಕೋಟು, ಟೈ. ಅವರು ಅದರೊಳಗೆ ಬೇಯಬಾರದೆಂದು ಹದಿನೆಂಟು ಡಿಗ್ರಿ ಏಸಿ. ಅದಕ್ಕೆ ನಡುಗುತ್ತ ನಾವು ಹೆಂಗಸರು ಶಾಲು ಹೊದ್ದು ಟೈಪು ಮಾಡುವುದು. ಬೀದಿ ಕೊನೆಯ ಆ ಆಫೀಸಿಗೂ ನಮ್ಮ ಮನೆಗೂ ಒಂದೇ ಟ್ರಾನ್ಸ್‌ಫಾರ್ಮರ್. ದಿನಾ ಎರಡು ಗಂಟೆಗೆ ಆ ಏಸಿಯ ಭಾರಕ್ಕೆ ಅದು ಕೈಕೊಟ್ಟರೆ ಅಪ್ಪನ ತಲೆಯ ಮೇಲಿನ ಫ್ಯಾನು ನಿಲ್ಲುತ್ತಿತ್ತು. ಸೊಂಟ ಮುರಿದು ಮಲಗಿದವರು, ಮಗ್ಗುಲಾಗಲೂ ಆಗದೆ ಬೆವರಲ್ಲಿ ನೆನೆಯುತ್ತಿದ್ದರು. ನಾನು ದುಡಿಯುವ ಜಾಗವೇ ಅವರನ್ನು ಮನೆ ಬಿಡಿಸಿತಲ್ಲ ಎಂಬ ಸಂಕಟ ನನ್ನನ್ನು ತಿಂದುಹಾಕಿತ್ತು.

ಮೂರು ಅರ್ಜಿ ಕೊಟ್ಟೆ. ಕೊನೆಗೂ ಮ್ಯಾನೇಜರು ಒಪ್ಪಿ, ಬೇಸಿಗೆ ಮುಗಿಯುವವರೆಗೆ ಕೋಟು, ಟೈ ‘ಧರಿಸಬೇಕಿಲ್ಲ’, ಏಸಿ ಇಪ್ಪತ್ತಾರಕ್ಕಿರಲಿ ಎಂದು ಸುತ್ತೋಲೆ ಹೇಳಿ ಬರೆಸಿದರು. ಆದರೆ ಅವರು ಹುಟ್ಟಿದ್ದೇ ಕೋಟು ಹಾಕಿಕೊಂಡು. ಅವರು ಬಿಚ್ಚದೆ ಬೇರೆ ಯಾರು ಬಿಚ್ಚುತ್ತಾರೆ? ಮತ್ತೆ ಹದಿನೆಂಟೇ ಗತಿ. ಅದು ಹೇಗೋ ನಾನು ಟೈಪು ಮಾಡಿದ ಹಾಳೆಯಲ್ಲಿ ‘ಬೇಕಿಲ್ಲ’ ಹೋಗಿ ‘ಧರಿಸಬಾರದು’ ಎಂದಾಗಿತ್ತು. ಅವರು ಎಂದಿನಂತೆ ಓದದೆ ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ ಕೋಟಿನಲ್ಲೇ ಬಂದರು. ನಮ್ಮ ಗೇಟಿನವನು ನಿಯಮ ಅಂದರೆ ನಿಯಮ ಅನ್ನುವ ಆಸಾಮಿ. ‘ಕೋಟು ಬಿಚ್ಚಿ ಒಳಗೆ ಹೋಗಿ ಸಾರ್, ನಿಮ್ಮದೇ ಸಹಿ ಇದೆ’ ಎಂದು ಹಾಳೆ ಹಿಡಿದ. ಅವರು ಎರಡು ಸಲ ಓದಿ, ಹಿಂದೆ ಎಲ್ಲರ ಜೊತೆ ನಿಂತಿದ್ದ ನನ್ನತ್ತ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಮೆಲ್ಲನೆ ಕೋಟು ಬಿಚ್ಚಿದರು. ಅಂಗಿಯ ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಸುಟ್ಟ ದೊಡ್ಡ ಕಲೆ! ‘ಎಷ್ಟು ವರ್ಷ ಆಯ್ತಪ್ಪಾ ಬೆನ್ನಿಗೆ ಗಾಳಿ ತಾಗಿ’ ಎಂದು ಅವರೇ ನಕ್ಕರು. ಹತ್ತು ನಿಮಿಷದಲ್ಲಿ ಎಲ್ಲರ ಕೋಟೂ ಕುರ್ಚಿಗೆ ಬಿದ್ದವು. ಏಸಿಯನ್ನು ಇಪ್ಪತ್ತಾರಕ್ಕೆ ಏರಿಸಿದ್ದು ನನ್ನ ಈ ಕೈಯೇ. ಶಾಲು ಬೀರು ಸೇರಿದೆ.

ಅಪ್ಪನಿಗೆ ನಮಸ್ಕಾರ, ಅಕ್ಕನ ಮಕ್ಕಳಿಗೆ ಒಂದೊಂದು ಮುತ್ತು.

ನಿನ್ನ,
ಮೊಂಡಿ

ಮರೆತಿದ್ದೆ: ಎಲ್ಲರೂ ಅದನ್ನು ಕೈತಪ್ಪು ಅಂದುಕೊಂಡಿದ್ದಾರೆ, ನೀನೂ ಹಾಗೇ ಅಂದುಕೋ. ಒಂಬತ್ತು ದಿನದಿಂದ ಎರಡು ಗಂಟೆಗೆ ಊಟಕ್ಕೆ ಬಂದು, ಅಪ್ಪನ ಖಾಲಿ ಮಂಚದ ಮೇಲೆ ಫ್ಯಾನು ಹಾಕಿ ನೋಡುತ್ತ ಕೂರುತ್ತೇನೆ. ಕರೆಂಟು ದಂಡ ಅಂತ ಬೈಯಬೇಡ. ಒಂದು ದಿನವೂ ನಿಂತಿಲ್ಲ. ಅಪ್ಪನನ್ನು ಕರೆದುಕೊಂಡು ಬಂದುಬಿಡಮ್ಮಾ.